ಅಕಾಯ್ ಎಂಪಿಸಿ ಒನ್: ಎಂಟು ತಿಂಗಳು ಬಳಸಿದ ಮೇಲೆ

ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಎಂಪಿಸಿ ಒನ್ ಎಂಟು ತಿಂಗಳಿಂದ ನನ್ನ ಮೇಜಿನ ಮೇಲಿದೆ. ರೆಕಾರ್ಡ್ ಮಾಡಿದ ಸದ್ದುಗಳನ್ನು ಪ್ಯಾಡ್ ತಟ್ಟಿ ನುಡಿಸಿ ಬೀಟ್, ಅಂದರೆ ಹಾಡಿನ ತಾಳ, ಕಟ್ಟುವ ಯಂತ್ರ ಇದು, ಅಕಾಯ್‌ನವರು 2020ರಲ್ಲಿ ಬಿಟ್ಟ ಮಾಡೆಲ್. 16 ರಬ್ಬರ್ ಪ್ಯಾಡ್, 7 ಇಂಚಿನ ಟಚ್ ಸ್ಕ್ರೀನ್, 2 ಜಿಬಿ ರ್‍ಯಾಮ್. ಕಂಪ್ಯೂಟರ್ ಮುಟ್ಟದೆ ಪೂರ್ತಿ ಬೀಟ್ ಕಟ್ಟಬಹುದು. ಪ್ಯಾಡ್‌ಗಳು ತುಂಬಾ ಚೆನ್ನಾಗಿವೆ, ಮೆತ್ತಗೆ ತಟ್ಟಿದರೆ ಮೆತ್ತಗೆ ಕೇಳುತ್ತದೆ, ಹೊಡೆದರೆ ಜೋರಾಗಿ.

ನಾನು ಜಾಸ್ತಿ ಹೇಳಬೇಕಾಗಿರುವುದು ನೋಟ್ ರಿಪೀಟ್ ಬಟನ್ ಬಗ್ಗೆ. ಅದನ್ನು ಹಿಡಿದುಕೊಂಡು ಪ್ಯಾಡ್ ಒತ್ತಿದರೆ ಒಂದೇ ಏಟು ಲಯಕ್ಕೆ ಸರಿಯಾಗಿ ಮತ್ತೆ ಮತ್ತೆ ಬರುತ್ತದೆ. ರೋಜರ್ ಲಿನ್ ರೂಪಿಸಿದ 1988ರ ಎಂಪಿಸಿ 60ರಲ್ಲೂ ಇದು ಇತ್ತು. ಹದಿನಾರನೇ ನೋಟ್‌ಗೆ (ಒಂದು ಎಣಿಕೆಗೆ ನಾಲ್ಕು ಏಟು) ಇಟ್ಟು ಸ್ವಿಂಗನ್ನು (ಎರಡು ಏಟಿಗೊಂದನ್ನು ತುಸು ತಡ ಮಾಡುವ ಸೆಟ್ಟಿಂಗ್) 50ರಿಂದ 58ಕ್ಕೆ ಏರಿಸಿ, ಹೈ ಹ್ಯಾಟ್ (ಡ್ರಮ್ ಸೆಟ್‌ನ ಜೋಡಿ ತಟ್ಟೆ) ಸ್ವಲ್ಪ ಕುಂಟುತ್ತಾ ನಡೆದ ಹಾಗೆ ಕೇಳುತ್ತದೆ, ಅದು 90ರ ದಶಕದ ನ್ಯೂಯಾರ್ಕ್ ಹಿಪ್ ಹಾಪ್‌ನ ಸದ್ದು. ಸ್ವಿಂಗ್ ತೆಗೆದು ಮೂವತ್ತೆರಡನೇ ನೋಟ್‌ಗೋ ಟ್ರಿಪ್ಲೆಟ್‌ಗೋ (ಎರಡು ಏಟಿನ ಜಾಗದಲ್ಲಿ ಮೂರು) ಬದಲಿಸಿ, ಕೆಳಗೆ ರೋಲ್ಯಾಂಡ್ ಕಂಪನಿಯ 808 ಡ್ರಮ್ ಯಂತ್ರದ ಬೇಸ್ (ತಗ್ಗಿನ ಸದ್ದು) ಹಾಕಿ. ಅಟ್ಲಾಂಟಾದ ಟ್ರ್ಯಾಪ್ ಶೈಲಿಯ ಹಿಪ್ ಹಾಪ್ ಬಂತು! ಬಟನ್ ಅದೇ.

ಹಿಪ್ ಹಾಪ್‌ನಲ್ಲಿ ಹೊಸದೇನೂ ಬರುತ್ತಿಲ್ಲ, ಈಗಿನದೆಲ್ಲ ಒಂದೇ ತರ ಅಂತ ಜನ ಹೇಳುತ್ತಾರಲ್ವಾ, ನಾನೂ ಹೇಳುತ್ತಿದ್ದೆ. ಬೀಟ್ ಕಟ್ಟಲು ಕೂತ ಮೇಲೆ ಆ ಮಾತು ಒಪ್ಪಲು ಆಗುತ್ತಿಲ್ಲ. 1973ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್, ಜನ ಕುಣಿಯುವ ಡ್ರಮ್ ತುಣುಕನ್ನು ಎರಡು ಟರ್ನ್‌ಟೇಬಲ್ (ರೆಕಾರ್ಡ್ ನುಡಿಸುವ ಯಂತ್ರ) ಇಟ್ಟುಕೊಂಡು ಕೈಯಾರೆ ಉದ್ದ ಮಾಡುತ್ತಿದ್ದರು. ಸದ್ದಿನ ತುಣುಕನ್ನು ರೆಕಾರ್ಡ್ ಮಾಡಿ ಮತ್ತೆ ನುಡಿಸುವ ಸ್ಯಾಂಪ್ಲರ್ ಬಂದ ಮೇಲೆ ಆ ಕೆಲಸ ಬೆರಳ ತುದಿಗೆ ಬಂತು. 1991ರಲ್ಲಿ ರ್‍ಯಾಪ್ ಗಾಯಕ ಬಿಜ್ ಮಾರ್ಕಿ ವಿರುದ್ಧ ಕೋರ್ಟ್ ತೀರ್ಪು ಬಂದ ಮೇಲೆ ಅನುಮತಿ ಕೇಳದೆ ಬೇರೆಯವರ ಹಾಡು ಬಳಸುವುದು ಅಪಾಯ, ಕೇಳಿ ಬಳಸುವುದು ದುಬಾರಿ. ಆಗ ಕೆಲವರು ತುಣುಕನ್ನು ಗುರುತೇ ಸಿಗದಷ್ಟು ಚೂರು ಮಾಡಿ ನುಡಿಸಿದರು, ಕೆಲವರು ಸದ್ದನ್ನು ಹೊಸದಾಗಿ ಹುಟ್ಟಿಸುವ ಸಿಂಥ್ ಹಿಡಿದರು. ರೋಲ್ಯಾಂಡ್ 1983ರಲ್ಲೇ ನಿಲ್ಲಿಸಿದ್ದ 808ರ ಕಿಕ್ (ದೊಡ್ಡ ಡ್ರಮ್) ಸದ್ದನ್ನು ಎಳೆದು ಎಳೆದು ಬೇಸ್ ಮಾಡಿಕೊಂಡರು. ದಾರಿ ಮುಚ್ಚಿದಾಗಲೆಲ್ಲ ಇನ್ನೊಂದು ಕಡೆಯಿಂದ ಹೊಸ ಸದ್ದು ಬಂದಿದೆ.

ಇನ್ನು ಬೀಟ್ ಕಟ್ಟುತ್ತಿದ್ದ ಡೆಟ್ರಾಯಿಟ್‌ನ ಜೆ ಡಿಲ್ಲಾ. ಎಂಪಿಸಿ 3000ರಲ್ಲಿ ಏಟುಗಳನ್ನು ಒಂಚೂರು ಹಿಂದೆ ಮುಂದೆ ಸರಿಸಿ ಅವರು ಮಾಡಿದ ಲಯವನ್ನು ಆಮೇಲೆ ಡ್ರಮ್ಮರ್‌ಗಳೇ ಕೂತು ಕಲಿತರು, ಯಂತ್ರದಿಂದ ಮನುಷ್ಯರು ಕಲಿತಿದ್ದು! ಅವರ ಎಂಪಿಸಿ ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ.

ನಮ್ಮೂರ ಜಾತ್ರೆಯಲ್ಲಿ ಫೋನ್‌ನಲ್ಲಿ ರೆಕಾರ್ಡ್ ಮಾಡಿದ ತಮಟೆಯನ್ನು ನಾನು 16 ಚೂರು ಮಾಡಿ ಪ್ಯಾಡ್‌ಗಳಿಗೆ ಹಾಕಿದೆ. ಕ್ವಾಂಟೈಸ್ ಒತ್ತಿದರೆ ಎಲ್ಲ ಏಟೂ ಗೆರೆ ಎಳೆದ ಹಾಗೆ ಸಾಲಾಗಿ ಕೂರುತ್ತದೆ, ತಮಟೆಯ ಜೀವವೇ ಹೋಗುತ್ತದೆ. ಕ್ವಾಂಟೈಸ್ ತೆಗೆದು, ಒಂದೊಂದೇ ಏಟನ್ನು ಸರಿಸುತ್ತಾ ಎರಡು ರಾತ್ರಿ ಕೂತೆ. ಆ ಸರಿಸುವ ಕೆಲಸ ಈ ಸ್ಕ್ರೀನ್ ಮೇಲೆ ನಿಜಕ್ಕೂ ಸುಲಭ.

ಕೊಳ್ಳುವವರಿಗೆ ಎರಡು ಮಾತು. ಇದರಲ್ಲಿ ಬ್ಯಾಟರಿ ಇಲ್ಲ, ಅಡಾಪ್ಟರ್ ಬೇಕೇ ಬೇಕು. ಒಳಗಿನ ಜಾಗ ಕಡಿಮೆ, ಎಸ್‌ಡಿ ಕಾರ್ಡನ್ನೂ ಜೊತೆಗೇ ತಗೊಳ್ಳಿ. ದುಡ್ಡು ಹೊಂದುವುದಾದರೆ 2023ರ ಒನ್ ಪ್ಲಸ್ ನೋಡಿ, ಒಳಗಿನ ಜಾಗ 16 ಜಿಬಿ ಇದೆ, ವೈಫೈ ಇದೆ. ಆದರೆ ಬೀಟ್ ಕಲಿಯಲು ಹಳೆಯದೇ ಸಾಕು, ಪ್ಯಾಡ್ ಇದರಲ್ಲೂ 16, ಅದರಲ್ಲೂ 16.