ಕ್ಲಚ್ ಬದಲಾಯಿತು, ದೋಷ ಉಳಿಯಿತು: ಸ್ಪೋರ್ಟ್ಸ್ ಕಾರಿನ ಗೇರ್‌ಬಾಕ್ಸ್ ರಿಪೇರಿಗೆ ಕೊಡುವ ಮುನ್ನ

ನನ್ನ ಸ್ಪೋರ್ಟ್ಸ್ ಕಾರಿನ ಗೇರ್‌ಬಾಕ್ಸನ್ನು ಒಂದೇ ವರ್ಷದಲ್ಲಿ ಎರಡು ಸಲ ಕೆಳಗಿಳಿಸಬೇಕಾಯಿತು. ಮೊದಲ ಸಲ ಇಳಿಸುವ ಅಗತ್ಯವೇ ಇರಲಿಲ್ಲ. ಎರಡನೆಯ ಸಲದ ಅಗತ್ಯ ಹುಟ್ಟಿದ್ದು ಮೊದಲ ರಿಪೇರಿಯಿಂದ. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇರುವ ಕಾರನ್ನು ರಿಪೇರಿಗೆ ಬಿಡಲು ಹೊರಟವರಿಗೆ ಉಪಯೋಗವಾಗಲೆಂದು, ನನ್ನ ತಪ್ಪುಗಳನ್ನೂ ಮುಚ್ಚಿಡದೆ ಇದನ್ನು ಬರೆಯುತ್ತಿದ್ದೇನೆ.

ಈ ಬಗೆಯ ಗೇರ್‌ಬಾಕ್ಸಿನಲ್ಲಿ 1, 3, 5ರಂತಹ ಬೆಸ ಗೇರ್‌ಗಳಿಗೆ ಒಂದು ಕ್ಲಚ್, 2, 4, 6ರಂತಹ ಸಮ ಗೇರ್‌ಗಳಿಗೆ ಇನ್ನೊಂದು ಕ್ಲಚ್ ಇರುತ್ತದೆ. ಒಂದು ಕ್ಲಚ್ ಬಿಡುವ ಹೊತ್ತಿಗೆ ಇನ್ನೊಂದು ಹಿಡಿಯುವುದರಿಂದಲೇ ಗೇರ್ ಬದಲಾದದ್ದು ಗೊತ್ತಾಗುವುದಿಲ್ಲ. ನನ್ನ ಕಾರಿನಲ್ಲಿರುವುದು ಎಣ್ಣೆಯಲ್ಲಿ ಮುಳುಗಿ ಕೆಲಸ ಮಾಡುವ ಕ್ಲಚ್‌ಗಳು. ಅವನ್ನು ಅದುಮುವ ಒತ್ತಡವೂ ತಂಪಾಗಿಡುವ ಹರಿವೂ ಎಣ್ಣೆಯದೇ. ಆ ಎಣ್ಣೆಯನ್ನು ಎಲ್ಲಿಗೆ, ಯಾವಾಗ, ಎಷ್ಟು ಒತ್ತಡದಲ್ಲಿ ಕಳಿಸಬೇಕೆಂಬುದನ್ನು ಕಂಪ್ಯೂಟರ್, ಸೆನ್ಸರ್ ಮತ್ತು ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್‌ಗಳು ಒಟ್ಟಿಗೆ ಕೂತಿರುವ ಮೆಕಾಟ್ರಾನಿಕ್ ಎಂಬ ಭಾಗ ತೀರ್ಮಾನಿಸುತ್ತದೆ. ಇದೇನೂ ನಿನ್ನೆ ಮೊನ್ನೆಯ ತಂತ್ರಜ್ಞಾನವಲ್ಲ. ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32ರಲ್ಲಿ 2003ರಲ್ಲೇ ಬಂದಿತ್ತು, ಪೋರ್ಷೆ 911ಕ್ಕೆ 2008ರಲ್ಲಿ ಬಂದಿತು. ಹಾಗಾಗಿ "ಹೊಸ ಸಿಸ್ಟಂ, ನಮಗೂ ಅಭ್ಯಾಸವಾಗಬೇಕು" ಎಂದು ಯಾವ ಮೆಕ್ಯಾನಿಕ್ ಹೇಳಿದರೂ ಕಾರನ್ನು ಅಲ್ಲಿಂದ ಹೊರಡಿಸಿಕೊಂಡು ಬರುವುದು ಒಳ್ಳೆಯದು.

ತೊಂದರೆ ಶುರುವಾದದ್ದು ಒಂದು ಬೆಳಿಗ್ಗೆ. ಕಾರು 1ನೇ ಗೇರಿನಿಂದ 2ಕ್ಕೆ ಹೋಗದೆ, ಎಂಜಿನ್ ಕೂಗಿಕೊಂಡು, ಸೀದಾ 3ಕ್ಕೆ ಹಾರಿತು. ಆಮೇಲೆ 5. ಮೀಟರಿನಲ್ಲಿ ಗೇರ್ ಚಕ್ರದ ಹಳದಿ ದೀಪ ಹೊತ್ತಿಕೊಂಡಿತು. ಸಮ ಗೇರ್‌ಗಳು ಪೂರ್ತಿ ಇಲ್ಲವಾಗಿ, ಬೆಸ ಗೇರ್‌ಗಳು ಮಾತ್ರ ನೆಟ್ಟಗೆ ಕೆಲಸ ಮಾಡುತ್ತಿದ್ದವು. ಈ ಲಕ್ಷಣ ಎಷ್ಟು ಬೆಲೆಬಾಳುವ ಸುಳಿವೆಂಬುದು ನನಗೆ ಆಗ ತಿಳಿದಿರಲಿಲ್ಲ. ಸವೆದ ಕ್ಲಚ್ ಸಾಮಾನ್ಯವಾಗಿ ಮೊದಲು ಜಾರುತ್ತದೆ, ನಡುಗುತ್ತದೆ, ದಿನಗಟ್ಟಲೆ ಮುನ್ಸೂಚನೆ ಕೊಡುತ್ತದೆ. ಹಿಂದಿನ ಸಂಜೆಯವರೆಗೆ ಬೆಣ್ಣೆಯಂತೆ ಓಡಿದ ಕಾರಿನಲ್ಲಿ ಒಂದು ಪಕ್ಕದ ಗೇರ್‌ಗಳಷ್ಟೇ ಏಕಾಏಕಿ ಮಾಯವಾದರೆ ಮೊದಲು ಅನುಮಾನಿಸಬೇಕಾದದ್ದು ಆ ಪಕ್ಕದ ಒತ್ತಡವನ್ನು ಅಳೆಯುವ ಸೆನ್ಸರನ್ನು, ವಾಲ್ವನ್ನು, ಅವುಗಳ ವೈರಿಂಗನ್ನು.

ಸ್ಪೋರ್ಟ್ಸ್ ಕಾರುಗಳನ್ನೇ ನೋಡುತ್ತೇವೆಂದು ಹೇಳಿಕೊಳ್ಳುವ ಒಂದು ಗ್ಯಾರೇಜಿಗೆ ಕಾರನ್ನು ಸಾಗಿಸಿದೆ. ಅಲ್ಲಿನ ಮುಖ್ಯ ಮೆಕ್ಯಾನಿಕ್ ಸ್ಕ್ಯಾನರ್ ಜೋಡಿಸಿ, ಪರದೆಯ ಮೇಲೆ ಬಂದ ನಾಲ್ಕೈದು ಸಾಲುಗಳನ್ನು ನೋಡಿ, ನಾನು ಇನ್ನೂ ಓದುತ್ತಿರುವಾಗಲೇ ಒಂದು ಗುಂಡಿ ಒತ್ತಿ ಎಲ್ಲವನ್ನೂ ಅಳಿಸಿಬಿಟ್ಟರು. "ಅಳಿಸಿ ನೋಡೋಣ ಸರ್, ಮತ್ತೆ ಬಂದರೆ ನಿಜವಾದ ದೋಷ" ಎಂದರು. ಆ ಮಾತು ನನಗೆ ಸರಿಯೆನ್ನಿಸಿತು. ದೋಷದ ಕೋಡನ್ನು ಅಳಿಸಿದರೆ, ದೋಷ ಕಾಣಿಸಿಕೊಂಡ ಕ್ಷಣದಲ್ಲಿ ಕಂಪ್ಯೂಟರ್ ಬರೆದಿಟ್ಟುಕೊಂಡಿದ್ದ ವೇಗ, ತಾಪಮಾನ, ಎಂಜಿನ್ ಸುತ್ತುಗಳ ವಿವರವೂ ಅದರೊಂದಿಗೆ ಹೋಗುತ್ತದೆ ಎಂಬುದನ್ನು ತಿಳಿದದ್ದು ಬಹಳ ತಡವಾಗಿ. ಕಳ್ಳತನವಾದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ ಸಾರಿಸಿದಂತಾಯಿತು. ನನ್ನ ಮೊದಲ ತಪ್ಪು ಅಲ್ಲಿಯೇ ಆಯಿತು: ಆ ಪರದೆಯ ಒಂದು ಫೋಟೋವನ್ನೂ ನಾನು ತೆಗೆದುಕೊಳ್ಳಲಿಲ್ಲ.

ಎರಡು ದಿನ ಬಿಟ್ಟು "ಕ್ಲಚ್ ಪ್ಯಾಕ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು" ಎಂಬ ಕರೆ ಬಂದಿತು. ಕ್ಲಚ್ ಪ್ಯಾಕ್ ಎಂದರೆ ಒಂದಕ್ಕೊಂದು ಒತ್ತಿ ಹಿಡಿಯುವ ಪ್ಲೇಟುಗಳ ಕಟ್ಟು. ಒಪ್ಪಿದೆ. ಮೂರು ವಾರಗಳ ನಂತರ ಕಾರು ಕೈಗೆ ಬಂದಾಗ ಬಿಲ್ಲಿನಲ್ಲಿ ಇದ್ದದ್ದು "ಕ್ಲಚ್ ಸೆಟ್, ಗೇರ್ ಆಯಿಲ್, ಲೇಬರ್" ಎಂಬ ಮೂರು ಸಾಲು. ಯಾವ ಆಯಿಲ್, ಎಷ್ಟು ಲೀಟರ್, ಯಾವ ದರ್ಜೆ ಎಂಬುದೊಂದೂ ಇರಲಿಲ್ಲ. ಹಳೆಯ ಕ್ಲಚ್ ಎಲ್ಲಿ ಎಂದು ಕೇಳಿದ್ದಕ್ಕೆ ಗುಜರಿಗೆ ಹೋಯಿತೆಂದರು.

ಸುಮಾರು 70 ಕಿಲೋಮೀಟರ್ ಓಡುವವರೆಗೆ ಎಲ್ಲವೂ ಸರಿಯಿತ್ತು. ಆಮೇಲೆ ಟ್ರಾಫಿಕ್ಕಿನಲ್ಲಿ ಹೆಜ್ಜೆಹೆಜ್ಜೆಗೆ ಚಲಿಸುವಾಗ ಸೀಟಿನಡಿ ನಡುಕ ಕಾಣಿಸಿತು. 4ನೇ ಗೇರಿನಲ್ಲಿ ಆಕ್ಸಲರೇಟರ್ ಒತ್ತಿದರೆ ಟ್ಯಾಕೋಮೀಟರ್ ಮುಳ್ಳು ಮಾತ್ರ ಮೇಲಕ್ಕೆ ಹೋಗುತ್ತಿತ್ತು, ಕಾರಿನ ವೇಗ ಅಲ್ಲಿಯೇ ನಿಂತಿರುತ್ತಿತ್ತು. ಕಾರು ನಿಲ್ಲಿಸಿ ಇಳಿದರೆ ಸುಟ್ಟ ಹಾಲನ್ನು ನೆನಪಿಸುವ ವಾಸನೆ. ಗ್ಯಾರೇಜಿನವರು "ಹೊಸ ಕ್ಲಚ್ ಪಳಗಬೇಕು, 500 ಕಿಲೋಮೀಟರ್ ಓಡಿಸಿ" ಎಂದರು. ನಾನು ಓಡಿಸಿದೆ. ಇದು ನನ್ನ ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದುಬಾರಿಯಾದದ್ದು. ಜಾರುವ ಕ್ಲಚ್ಚನ್ನು ಓಡಿಸಿ ಪಳಗಿಸಲಾಗದು; ಪ್ರತಿ ಜಾರಿಕೆಯೂ ಬಿಸಿ, ಪ್ರತಿ ಬಿಸಿಯೂ ಪ್ಲೇಟಿನ ಮೇಲ್ಮೈಯಿಂದ ಉದುರಿದ ಪುಡಿ, ಆ ಪುಡಿ ಎಣ್ಣೆಯೊಂದಿಗೆ ವಾಲ್ವ್‌ಗಳಿಗೆ.

ಮರಳಿ ಹೋದಾಗ ಅವರ ಧಾಟಿಯೇ ಬದಲಾಗಿತ್ತು. ನಾನು ಲಾಂಚ್ ಕಂಟ್ರೋಲ್ (ನಿಂತಲ್ಲಿಂದ ಕಾರನ್ನು ಪೂರ್ತಿ ಬಲದಿಂದ ಚಿಮ್ಮಿಸುವ ಸೌಲಭ್ಯ) ಬಳಸಿ ಕ್ಲಚ್ ಸುಟ್ಟಿದ್ದೇನೆ, ಅದಕ್ಕೆ ವಾರಂಟಿ ಅನ್ವಯಿಸುವುದಿಲ್ಲ ಎಂದರು. ಸ್ಪೋರ್ಟ್ಸ್ ಕಾರಿನ ಮಾಲೀಕನೆಂದರೆ ದಿನಾ ರೇಸ್ ಹೊಡೆಯುವವನೆಂಬ ಈ ಭಾವನೆ ಕೆಲವು ಗ್ಯಾರೇಜುಗಳಿಗೆ ಬಹಳ ಅನುಕೂಲಕರ. ನನ್ನ ಕಾರಿನ ಕಂಪ್ಯೂಟರ್ ಅಂತಹ ಲಾಂಚ್‌ಗಳ ಲೆಕ್ಕ ಇಡುತ್ತದೆ. ಆ ಲೆಕ್ಕ ಸೊನ್ನೆಯಾಗಿತ್ತು. ಆದರೆ ಅದನ್ನು ತೆರೆದು ನೋಡಲು ಅವರಿಗೆ ಬರಲಿಲ್ಲವೋ, ಮನಸ್ಸಿರಲಿಲ್ಲವೋ ಹೇಳಲಾರೆ.

ಈ ಗೇರ್‌ಬಾಕ್ಸುಗಳ ಕೆಲಸವನ್ನಷ್ಟೇ ಮಾಡುವ ಇನ್ನೊಬ್ಬರಲ್ಲಿಗೆ ಕಾರನ್ನು ಒಯ್ದೆ. ಅವರು ಮೊದಲು ಎಲ್ಲ ಕೋಡುಗಳನ್ನೂ ಮುದ್ರಿಸಿ ಒಂದು ಪ್ರತಿಯನ್ನು ನನ್ನ ಕೈಗೆ ಕೊಟ್ಟರು. ನಂತರ ಎಣ್ಣೆಯನ್ನು ಅಳತೆಯ ಪಾತ್ರೆಗೆ ಇಳಿಸಿದರು. ಇರಬೇಕಾದದ್ದಕ್ಕಿಂತ ಸುಮಾರು ಒಂದು ಲೀಟರ್ ಕಡಿಮೆಯಿತ್ತು, ಬಣ್ಣ ಕಪ್ಪಾಗಿತ್ತು. ಡ್ರೈನ್ ಪ್ಲಗ್ಗಿನ ತುದಿಯ ಅಯಸ್ಕಾಂತವನ್ನು ಬೆರಳಿನಿಂದ ಒರೆಸಿ ನನಗೆ ತೋರಿಸಿದರು: ಬೂದು ಬಣ್ಣದ ನುಣುಪಾದ ಕೆಸರು, ಅದರೊಳಗೆ ಸೂಜಿಮೊನೆಯಷ್ಟು ಹೊಳೆಯುವ ಚೂರುಗಳು. ಕೆಸರು ಇರುವುದು ಸಹಜ, ಚೂರುಗಳು ಇರಬಾರದು ಎಂದರು.

ಒಂದು ಲೀಟರ್ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಸಿಕ್ಕ ಉತ್ತರವೇ ಈ ಬರಹದ ಮುಖ್ಯ ವಿಷಯ. ಎಲ್ಲಿಯೂ ಸೋರಿರಲಿಲ್ಲ, ಹಾಕಿಯೇ ಇರಲಿಲ್ಲ. ನನ್ನ ಕಾರಿನಂತಹ ಅನೇಕ ಗೇರ್‌ಬಾಕ್ಸುಗಳಲ್ಲಿ ಎಣ್ಣೆ ನೋಡುವ ಕಡ್ಡಿ ಇರುವುದಿಲ್ಲ. ಎಂಜಿನ್ ಚಾಲೂ ಇಟ್ಟು, ಎಣ್ಣೆಯ ತಾಪಮಾನ ತಯಾರಕರು ಹೇಳಿದ ಮಿತಿಗೆ ಬಂದಾಗ, ಕೆಲವು ಮಾದರಿಗಳಲ್ಲಿ 35ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ, ತಳದ ರಂಧ್ರದಿಂದ ಹೆಚ್ಚಿನದು ತೊಟ್ಟಿಕ್ಕುವವರೆಗೆ ತುಂಬಬೇಕು. ಎಂಜಿನ್ ಆರಿಸಿ ತುಂಬಿದರೆ ಕೂಲರ್, ಕೊಳವೆಗಳು, ಕ್ಲಚ್‌ನ ಕೋಣೆಗಳು ಖಾಲಿಯಿರುವಾಗಲೇ ರಂಧ್ರದಿಂದ ಎಣ್ಣೆ ಹೊರಬಂದು, ಭರ್ತಿಯಾದಂತೆ ಕಾಣುತ್ತದೆ. ಆಮೇಲೆ ಎಂಜಿನ್ ಚಾಲೂ ಮಾಡಿದೊಡನೆ ಆ ಖಾಲಿ ಜಾಗಗಳು ಎಣ್ಣೆಯನ್ನು ಕುಡಿದುಬಿಡುತ್ತವೆ, ಮಟ್ಟ ಕುಸಿಯುತ್ತದೆ, ಪಂಪು ಗಾಳಿಯನ್ನು ಎಳೆಯುತ್ತದೆ, ಒತ್ತಡ ತೂಗಾಡುತ್ತದೆ, ಕ್ಲಚ್ ಜಾರುತ್ತದೆ. ಕೆಟ್ಟ ಕ್ಲಚ್ಚಿಗೂ ಇದೇ ಲಕ್ಷಣಗಳಿರುವುದರಿಂದ ಇನ್ನೊಂದು ಕ್ಲಚ್ಚನ್ನು ಮಾರುವುದು ಸುಲಭವಾಗುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಹೊಸ ಕ್ಲಚ್ ಹಾಕಿದ ಮೇಲೆ, ಅದರ ಪ್ಲೇಟುಗಳು ಯಾವ ಒತ್ತಡದಲ್ಲಿ ಹಿಡಿಯಲು ಆರಂಭಿಸುತ್ತವೆ ಎಂಬುದನ್ನು ಸ್ಕ್ಯಾನರ್ ಮೂಲಕ ಕಂಪ್ಯೂಟರಿಗೆ ಹೊಸದಾಗಿ ಕಲಿಸಬೇಕು. ಅಡಾಪ್ಟೇಶನ್ ಎಂದು ಕರೆಯುವ ಈ ಕೆಲಸವನ್ನು ಮಾಡಿರಲಿಲ್ಲ. ಕಾರನ್ನು ಕೊಳ್ಳುವ ಮೊದಲು ಮಾಡಿಸಿದ್ದ ತಪಾಸಣೆಯ ಹಾಳೆ ನನ್ನ ಕಡತದಲ್ಲಿತ್ತು. ಹೊಸ ಕ್ಲಚ್ ಇದ್ದರೂ ಕಂಪ್ಯೂಟರಿನಲ್ಲಿದ್ದ ಒತ್ತಡದ ಅಂಕಿಗಳು ಬಹುತೇಕ ಆ ಹಾಳೆಯಲ್ಲಿದ್ದವೇ! ಒಮ್ಮೆ ಬಿಗಿದರೆ ಎಳೆದುಕೊಂಡು ಹಿಗ್ಗುವ, ಮತ್ತೆ ಬಳಸಬಾರದ ಬೋಲ್ಟುಗಳನ್ನೂ ಹಾಗೆಯೇ ವಾಪಸ್ ಹಾಕಿದ್ದರು. ಕೊನೆಗೆ ಸಿಕ್ಕ ಮೂಲ ದೋಷವೋ, ಸಮ ಗೇರ್‌ಗಳ ಪಕ್ಕದ ಒತ್ತಡದ ಸೆನ್ಸರಿನದು. ನನ್ನ ಕಾರಿನಲ್ಲಿ ಮೆಕಾಟ್ರಾನಿಕ್ ಭಾಗವನ್ನು ಗೇರ್‌ಬಾಕ್ಸ್ ಇಳಿಸದೆಯೇ ಹೊರತೆಗೆಯಬಹುದು. ಆ ಸೆನ್ಸರ್ ಇಡೀ ಮೂರು ವಾರ ಅಲ್ಲಿಯೇ ಕೂತಿತ್ತು. ಮೊದಲ ಗ್ಯಾರೇಜ್ ಅದನ್ನು ಮುಟ್ಟಿರಲಿಲ್ಲ. ರಿಪೇರಿಯ ನಂತರ 2ನೇ ಗೇರ್ ಕೆಲವು ದಿನ ಮರಳಿ ಬಂದದ್ದು ಸಡಿಲ ಸಂಪರ್ಕ ತಾತ್ಕಾಲಿಕವಾಗಿ ಕೂಡಿಕೊಂಡದ್ದರಿಂದ ಇರಬೇಕೆಂದು ಎರಡನೆಯವರ ಅಂದಾಜು.

ಆದ್ದರಿಂದ ನಿಮ್ಮ ಕಾರಿಗೆ ಇಂತಹ ಸ್ಥಿತಿ ಬಂದರೆ, ಕೋಡುಗಳನ್ನು ಅಳಿಸುವ ಮೊದಲು ಪೂರ್ಣ ವರದಿಯ ಪ್ರತಿ ಬೇಕೆಂದು ಜಾಬ್ ಕಾರ್ಡಿನಲ್ಲೇ ಬರೆಸಿರಿ. "ಎಣ್ಣೆಯ ಮಟ್ಟವನ್ನು ಯಾವ ತಾಪಮಾನದಲ್ಲಿ ನೋಡುತ್ತೀರಿ?" ಎಂಬ ಒಂದು ಪ್ರಶ್ನೆ ಕೇಳಿರಿ; ಗೊತ್ತಿರುವವರು ತಡವರಿಸದೆ ಒಂದು ಅಂಕಿ ಹೇಳುತ್ತಾರೆ, ಇಲ್ಲವೇ ಪುಸ್ತಕ ತೆರೆದು ತೋರಿಸುತ್ತಾರೆ, ಗೊತ್ತಿಲ್ಲದವರು ತಮ್ಮ ಅನುಭವದ ವರ್ಷಗಳನ್ನು ಹೇಳುತ್ತಾರೆ. ಬಿಲ್ಲಿನಲ್ಲಿ ಎಣ್ಣೆಯ ದರ್ಜೆ ಮತ್ತು ಲೀಟರ್, ಅಡಾಪ್ಟೇಶನ್ನಿನ ಮೊದಲಿನ ಮತ್ತು ನಂತರದ ಅಂಕಿಗಳು ಇರಲಿ. ಹಳೆಯ ಬಿಡಿಭಾಗಗಳನ್ನು ಕೇಳಿ ಪಡೆಯಿರಿ. ಕಾರು ಮರಳಿದ ಮೇಲೆ ಒಮ್ಮೆ ಜಾರಿದರೂ ಅಲ್ಲಿಯೇ ನಿಲ್ಲಿಸಿ, ನಾಲ್ಕೂ ಚಕ್ರಗಳು ನೆಲ ಬಿಟ್ಟಿರುವಂತೆ ಲಾರಿಯಲ್ಲಿ ಸಾಗಿಸಿರಿ. ಎಂಜಿನ್ ಆರಿದಾಗ ಪಂಪು ತಿರುಗದ ಕಾರಣ, ಚಕ್ರ ಉರುಳಿಸಿಕೊಂಡು ಎಳೆದೊಯ್ದರೆ ಗೇರ್‌ಬಾಕ್ಸ್ ಎಣ್ಣೆಯಿಲ್ಲದೆ ತಿರುಗುತ್ತದೆ.

ಮೊದಲ ಗ್ಯಾರೇಜಿಗೆ ಎರಡನೆಯವರ ವರದಿಯನ್ನು ಲಗತ್ತಿಸಿ ಪತ್ರ ಬರೆದೆ. ಹೊರಗಿನವರು ಬಿಚ್ಚಿದ ಗೇರ್‌ಬಾಕ್ಸಿಗೆ ತಾವು ಹೊಣೆಯಲ್ಲವೆಂಬ ಒಂದು ಸಾಲಿನ ಉತ್ತರ ಬಂದಿದೆ. ನೀಲಿಗಟ್ಟಿದ ಕ್ಲಚ್ ಪ್ಲೇಟುಗಳು, ಮರುಬಳಕೆಯ ಬೋಲ್ಟುಗಳು ಮತ್ತು ಒಂದು ಬಾಟಲಿ ಕಪ್ಪು ಎಣ್ಣೆಯನ್ನು ದಿನಾಂಕ ಬರೆದು ಡಬ್ಬಿಯಲ್ಲಿ ಮೊಹರು ಮಾಡಿ ಇಟ್ಟಿದ್ದೇನೆ. ಗ್ರಾಹಕರ ದೂರಿನ ಅರ್ಜಿಯನ್ನು ವಕೀಲರು ಬರೆಯುತ್ತಿದ್ದಾರೆ.