ಬೈಕಂಪಾಡಿಯಲ್ಲಿ ಪಿಕಪ್ ಹೆಡ್‌ಲೈಟ್ ಸೆಟ್ಟಿಂಗ್: ಕೆಲಸ ಹೇಗಿದೆ?

ಡಿಮ್‌ನಲ್ಲೇ ಹೋಗುತ್ತಿದ್ದರೂ ಎದುರಿನವರು ಮತ್ತೆ ಮತ್ತೆ ಲೈಟ್ ಹೊಡೆಯುತ್ತಿದ್ದರೆ ಪಿಕಪ್‌ನ ಬೀಮ್ ಮೇಲೆ ಎದ್ದಿದೆ ಎಂದೇ ಲೆಕ್ಕ. ಮಂಗಳೂರು ಕಡೆಯವರು ಇದಕ್ಕೆ ಬೈಕಂಪಾಡಿ ಇಂಡಸ್ಟ್ರಿಯಲ್ ಏರಿಯಾದ ಒಳರಸ್ತೆಯಲ್ಲಿರುವ ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ಧೈರ್ಯವಾಗಿ ಹೋಗಬಹುದು. ಒಬ್ಬರು ಹಿರಿಯ ಮೆಕ್ಯಾನಿಕ್, ಇಬ್ಬರು ಹುಡುಗರು, ಬೀಮ್ ಎಲ್ಲಿ ಬೀಳುತ್ತದೆ ಎಂದು ತೋರಿಸುವ, ಹಳಿಯ ಮೇಲೆ ಜಾರುವ ಒಂದು ಬೀಮ್ ಸೆಟರ್. ಐದಕ್ಕೆ ನಾಲ್ಕು ಅಂಕ. ಹೋದ ಒಂದು ಅಂಕಕ್ಕೂ ಕಾರಣ ಇದೆ.

ಇಲ್ಲಿ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳುವ ಮೊದಲು ಬರುವ ಪ್ರಶ್ನೆ: "ಗಾಡಿಗೆ ಲೋಡ್ ಎಂತ ಹಾಕುದು ಮಾರಾಯ್ರೆ?" ಕೇಳಲೇಬೇಕಾದ ಪ್ರಶ್ನೆ ಇದೇ. ಮೀನು, ಐಸ್, ಕೆಂಪುಕಲ್ಲು, ಸಿಮೆಂಟ್ ಯಾವುದೇ ಇರಲಿ, ಭಾರ ಬೀಳುವುದು ಹಿಂದಿನ ಸ್ಪ್ರಿಂಗ್ ಪ್ಲೇಟುಗಳ ಮೇಲೆ. ಹಿಂದೆ ತಗ್ಗಿದಷ್ಟೂ ಮೂತಿ ಏಳುತ್ತದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 3 ಮೀಟರ್ ಅಂತರ ಎಂದಿಟ್ಟುಕೊಳ್ಳಿ. ಹಿಂದೆ 6 ಸೆಂಟಿಮೀಟರ್ ಕುಸಿದರೆ ಗಾಡಿ 2%, ಅಂದರೆ ಮೀಟರಿಗೆ 2 ಸೆಂಟಿಮೀಟರ್, ವಾಲಿತು. ಖಾಲಿ ಇದ್ದಾಗ 1% ಕೆಳಗೆ ನೋಡುತ್ತಿದ್ದ ಬೀಮ್ ಈಗ 1% ಮೇಲೆ ನೋಡುತ್ತದೆ. ಲ್ಯಾಂಪು ನೆಲದಿಂದ 90 ಸೆಂಟಿಮೀಟರ್ ಎತ್ತರದಲ್ಲಿದ್ದರೆ, 50 ಮೀಟರ್ ದೂರಕ್ಕೆ ಹೋಗುವಾಗ ಆ ಬೆಳಕಿನ ಅಂಚು 1.4 ಮೀಟರ್‌ಗೆ ಏರಿರುತ್ತದೆ. ಹೆದ್ದಾರಿ 66ರಲ್ಲಿ ಎದುರು ಬರುವ ಸ್ಕೂಟರ್‌ನವರ ಕಣ್ಣು ಹೆಚ್ಚುಕಡಿಮೆ ಅಲ್ಲೇ ಇರುವುದು.

ಹಾಗಾಗಿ ಡ್ಯಾಶ್‌ಬೋರ್ಡ್‌ನಲ್ಲಿ 0-1-2-3 ಎಂಬ ಲೆವೆಲಿಂಗ್ ಗುಬ್ಬಿ (ಅಂಕಿ ಏರಿದಂತೆ ಬೀಮ್ ಇಳಿಸುವ ತಿರುಗುಗುಂಡಿ) ಇರುವ ಗಾಡಿಯನ್ನು ಇವರು ಖಾಲಿ ಮಾಡಿಸಿ, ಗುಬ್ಬಿಯನ್ನು ಸೊನ್ನೆಗೆ ತಂದು, ಸೀಟಿನಲ್ಲಿ ಒಬ್ಬರನ್ನು ಕೂರಿಸಿ ಸೆಟ್ ಮಾಡುತ್ತಾರೆ. ಗುಬ್ಬಿ 2ರಲ್ಲಿದ್ದಾಗಲೇ ಸ್ಕ್ರೂ ತಿರುಗಿಸಿ ಕಳಿಸುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಂಥ ಗಾಡಿಗೆ ಲೋಡ್ ಬಿದ್ದಾಗ ಬೀಮ್ ಇನ್ನೂ ಇಳಿಸಲು ಉಳಿಯುವುದು ಒಂದೇ ಮೆಟ್ಟಿಲು. ಗುಬ್ಬಿಯೇ ಇಲ್ಲದ ಹಳೆಯ ಪಿಕಪ್ ದಿನವೂ ಲೋಡಿನಲ್ಲೇ ಓಡುವುದಾದರೆ ಲೋಡ್ ಸಮೇತ ತರಲು ಹೇಳುತ್ತಾರೆ. ಖಾಲಿ ಬರುವಾಗ ಬೆಳಕು ಹತ್ತಿರಕ್ಕೇ ಬೀಳುತ್ತದೆ, ಅದನ್ನು ಸಹಿಸಿಕೊಳ್ಳಬೇಕು. ಟೈರ್ ಗಾಳಿ ನೋಡುವುದನ್ನೂ ಮರೆಯುವುದಿಲ್ಲ.

ಇನ್ನು ಸೆಟ್ಟಿಂಗ್. ಬೀಮ್ ಸೆಟರ್ ಎಂದರೆ ಎದುರಿಗೆ ದಪ್ಪ ಲೆನ್ಸ್, ಒಳಗೆ ಗೆರೆ ಎಳೆದ ಪರದೆ ಇರುವ ಪೆಟ್ಟಿಗೆ. ಅದನ್ನು ಲ್ಯಾಂಪಿನ ನಡುವಿನ ಎತ್ತರಕ್ಕೆ ತಂದು, ಬಾನೆಟ್‌ನ ಎರಡು ಅಂಚು ನೋಡಿ ಗಾಡಿಗೆ ನೇರ ಮಾಡಿ, ಬೀಮ್ ಎಷ್ಟು ಶೇಕಡಾ ಕೆಳಗೆ ನೋಡಬೇಕೋ ಅದನ್ನು ಪೆಟ್ಟಿಗೆಯ ಅಂಕಿಚಕ್ರದಲ್ಲಿ ಇಡುತ್ತಾರೆ. ಲ್ಯಾಂಪಿನ ಬಳಿ ಕಂಪನಿ ಸ್ಟಿಕರ್ ಇದ್ದರೆ ಅದರಲ್ಲಿರುವ ಅಂಕಿ, ಇಲ್ಲದಿದ್ದರೆ 1ರಿಂದ 1.5ರ ಒಳಗೆ. ಇದನ್ನೇ ಗೋಡೆಯ ಮೇಲೆ ನೋಡುವುದಾದರೆ 10 ಮೀಟರ್ ದೂರದಲ್ಲಿ ಬೆಳಕಿನ ಅಂಚು ಲ್ಯಾಂಪಿನ ನಡುಗೆರೆಗಿಂತ 10ರಿಂದ 15 ಸೆಂಟಿಮೀಟರ್ ಕೆಳಗೆ ಇರಬೇಕು. ನಮ್ಮದು ಎಡಬದಿ ಸಂಚಾರ, ಹಾಗಾಗಿ ಅಂಚು ಬಲಕ್ಕೆ ಸಪಾಟಾಗಿ, ಎಡಕ್ಕೆ ಓರೆಯಾಗಿ ಏರಬೇಕು. ಬಲಕ್ಕೆ ಏರುತ್ತಿದ್ದರೆ ಅದು ಹೊರದೇಶಕ್ಕೆಂದು ಮಾಡಿದ ಲ್ಯಾಂಪು, ಯಾವ ಸ್ಕ್ರೂ ತಿರುಗಿಸಿದರೂ ಸರಿಯಾಗದು.

ಕೈಚಳಕ ಗಮನಿಸುವಂಥದ್ದು. ಒಂದು ಲ್ಯಾಂಪ್ ನೋಡುವಾಗ ಇನ್ನೊಂದರ ಕನೆಕ್ಟರ್ ಕಳಚಿಡುತ್ತಾರೆ, ಬಟ್ಟೆ ಮುಚ್ಚುವುದಿಲ್ಲ. ಪ್ಲಾಸ್ಟಿಕ್ ಗಾಜು ಬಿಸಿಗೆ ಹಾಳಾಗುತ್ತದೆ. ಸ್ಕ್ರೂವನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಸಡಿಲಿಸಿ, ಆಮೇಲೆ ಬಿಗಿಮಾಡುತ್ತಾ ಗೆರೆಗೆ ತಂದು ನಿಲ್ಲಿಸುತ್ತಾರೆ. ಸಡಿಲಿಸುತ್ತಾ ನಿಲ್ಲಿಸಿದ ಸ್ಕ್ರೂ ರಸ್ತೆಯ ಕುಲುಕಿಗೆ ಜಾರುತ್ತದೆ. ಕೊನೆಗೆ ಲ್ಯಾಂಪನ್ನು ಕೈಯಲ್ಲಿ ಅಲ್ಲಾಡಿಸಿ ನೋಡುತ್ತಾರೆ. ಧಕ್ಕೆಗೆ (ಮೀನು ಇಳಿಸುವ ಬಂದರುಕಟ್ಟೆಗೆ) ಹೋಗುವ ಮೀನಿನ ಗಾಡಿಗಳಲ್ಲಿ ಉಪ್ಪುನೀರಿಗೆ ಸ್ಕ್ರೂ ತುಕ್ಕು ಹಿಡಿದು, ಬಲವಂತ ಮಾಡಿದಾಗ ಸ್ಕ್ರೂವನ್ನು ಲ್ಯಾಂಪಿಗೆ ಜೋಡಿಸುವ ಹಿಂದಿನ ನೈಲಾನ್ ಬಾಲ್ ಮುರಿದಿರುತ್ತದೆ. ಸ್ಕ್ರೂ ತಿರುಗುತ್ತದೆ, ಲ್ಯಾಂಪ್ ಕದಲುವುದಿಲ್ಲ. ಇವರು ಮೊದಲೇ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಹತ್ತು ನಿಮಿಷ ಕಾಯುತ್ತಾರೆ. ಚಾ ಕುಡಿದು ಬನ್ನಿ ಎಂದರೆ ಅದಕ್ಕೇ.

"ಲೈಟೇ ಸಾಲುವುದಿಲ್ಲ, ಸ್ವಲ್ಪ ಎತ್ತಿಡಿ" ಎನ್ನುವವರಿಗೆ ಇಲ್ಲಿ ಸಿಗುವ ಉತ್ತರ ಮಲ್ಟಿಮೀಟರ್. ಇಂಜಿನ್ ಓಡುತ್ತಾ ಲೈಟ್ ಉರಿಯುತ್ತಿರುವಾಗ ಬ್ಯಾಟರಿಯಲ್ಲಿ 14 ವೋಲ್ಟ್ ಇದ್ದು ಬಲ್ಬಿನ ಹೋಲ್ಡರ್‌ನಲ್ಲಿ 12.6 ಬಂದರೆ 10% ಸೋರಿತು. ಹ್ಯಾಲೊಜನ್ ಬಲ್ಬಿನಲ್ಲಿ ಅಷ್ಟಕ್ಕೇ ಸುಮಾರು 30% ಬೆಳಕು ಹೋಗುತ್ತದೆ. ಹೆಚ್ಚಿನ ಸಲ ತಪ್ಪು ಕಿಲುಬು ಹಿಡಿದ ಅರ್ಥ್ ವಯರಿನದು. ಕೆರೆದು ಬೋಲ್ಟ್ ಬಿಗಿದರೆ ಮುಗಿಯಿತು. ಅದರ ಬದಲು 100/90 ವಾಟ್ (ಬ್ರೈಟ್‌ಗೆ 100, ಡಿಮ್‌ಗೆ 90) ಬಲ್ಬ್ ಹಾಕಿಸಿಕೊಂಡರೆ ಡಿಮ್‌ನಲ್ಲೇ ಎರಡು ಲ್ಯಾಂಪಿಗೆ 15 ಆಂಪಿಯರ್ ಹರಿಯುತ್ತದೆ. ಕಂಪನಿಯ 60/55ರಲ್ಲಿ 9 ಚಿಲ್ಲರೆ. ಮೊದಲು ಹೋಲ್ಡರ್ ಕರಗುತ್ತದೆ, ಆಮೇಲೆ ರಿಫ್ಲೆಕ್ಟರ್ ಮಂಕಾಗುತ್ತದೆ. ಡಿಮ್, ಬ್ರೈಟ್ ಎರಡೂ ಒಂದರಲ್ಲೇ ಇರುವ ಎಚ್4 ಬಲ್ಬ್ ಬದಲಿಸುವಾಗ ಅದರ ಮೂರು ಕಿವಿಗಳಲ್ಲಿ ಅಗಲದ್ದು ಮೇಲೆ ಬಂದಿದೆಯೇ ಎಂದು ನೀವೂ ಬಗ್ಗಿ ನೋಡಿ. ಓರೆಯಾಗಿ ಕೂತ ಬಲ್ಬಿಗೆ ಗೆರೆಯೇ ಮೂಡುವುದಿಲ್ಲ.

ಅಂಕ ಹೋದದ್ದು ಎಲ್ಲಿ? ಶೆಡ್ಡಿನೊಳಗಿನ ನೆಲ ಸಮತಟ್ಟು, ಹೊರಗಿನ ಅಂಗಳ ಮಳೆನೀರು ಹರಿಯಲೆಂದು ಚರಂಡಿಯತ್ತ ಇಳಿಜಾರು. ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ಗಾಡಿಗಳು ಸಾಲುಗಟ್ಟಿದ ದಿನ ಅಂಗಳದಲ್ಲೇ ಗೋಡೆಗೆ ಬೀಮ್ ಹೊಡೆದು ಸೆಟ್ ಮಾಡಿ ಕಳಿಸುತ್ತಾರೆ. ಗಾಡಿ ನಿಂತ 3 ಮೀಟರ್‌ನಲ್ಲಿ 3 ಸೆಂಟಿಮೀಟರ್ ಇಳಿಜಾರಿದ್ದರೆ ಅದೇ 1%, ಇಡೀ ಸೆಟ್ಟಿಂಗೇ ಅಷ್ಟು. ಮೇಸ್ತ್ರಿಗಳ ನೀರಿನ ಪೈಪು ಹಿಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುವ ವಿಷಯ ಇದು. "ಒಳಗೇ ಮಾಡಿಕೊಡಿ" ಎಂದು ಹಟ ಹಿಡಿಯಿರಿ, ಕಾಯಬೇಕಾದರೂ ಸರಿ.

ಎರಡನೆಯ ತಕರಾರು ಎಲ್‌ಇಡಿ. ಹ್ಯಾಲೊಜನ್‌ಗೆಂದು ಮಾಡಿದ ರಿಫ್ಲೆಕ್ಟರಿಗೆ ಎಲ್‌ಇಡಿ ಬಲ್ಬ್ ಬೇಡ ಎಂದು ಹಿರಿಯರು ಹೇಳುತ್ತಾರೆ, ಹುಡುಗರು ಅದನ್ನೇ ಮಾರುತ್ತಾರೆ. ಎಲ್‌ಇಡಿಯ ಚಿಪ್ ಹಳೆಯ ಬಲ್ಬಿನ ಫಿಲಮೆಂಟ್ ಇದ್ದ ಜಾಗದಿಂದ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಅಂಚು ಕದಡಿ ಬೆಳಕು ಮೇಲಕ್ಕೆ ಚದುರುತ್ತದೆ. ಚಾರ್ಮಾಡಿಯ ಮಂಜಿನಲ್ಲಿ ಅದು ಬಿಳಿ ಗೋಡೆಯಾಗಿ ಎದುರು ನಿಲ್ಲುತ್ತದೆ. ಮಳೆಗಾಲದಲ್ಲಿ ಲ್ಯಾಂಪಿನೊಳಗೆ ಆವಿ ಕಟ್ಟಿದೆ ಎಂದರೆ ಸುತ್ತಲೂ ಸಿಲಿಕಾನ್ ಹಚ್ಚುವ ಅಭ್ಯಾಸವೂ ಇದೆ. ಹಿಂಬದಿಯ ಗಾಳಿ ಕೊಳವೆ ಮುಚ್ಚಲು ಬಿಡಬೇಡಿ, ಮುಚ್ಚಿದರೆ ಒಳಗಿನ ನೀರು ಒಳಗೇ.

ಹಣ ಕೊಡುವ ಮೊದಲು ಅಳತೆ ಟೇಪು ಕೇಳಿ ಪಡೆಯಿರಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಪ್ರಕಾರ ಲ್ಯಾಂಪಿನಿಂದ 8 ಮೀಟರ್ ಮುಂದೆ, ಅದರ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿದ್ದವರಿಗೆ ಬೆಳಕು ಕುಕ್ಕಬಾರದು. ಡಿಮ್ ಹಾಕಿಸಿ, ಅಲ್ಲಿ ಹೋಗಿ ನಿಲ್ಲಿ. ಸಂಜೆ ಏಳರ ನಂತರ ಹೋದರೆ ಕತ್ತಲೂ ಇರುತ್ತದೆ, ಒಳಗಿನ ಜಾಗವೂ ಖಾಲಿ ಇರುತ್ತದೆ.