24 ಕಛೇರಿಗಳ ನಂತರ: ನಮ್ಮ ಸಂಗೀತ ಸಭೆಗೆ ಫೋಟೊ, ಪೋಸ್ಟರ್ ಮಾಡಿಕೊಡುವ ಏಜೆನ್ಸಿ ಬಗ್ಗೆ

ಹೋದ ತಿಂಗಳ ಕಛೇರಿಯ ಫೋಟೊಗಳು ಮೊನ್ನೆ ಬಂದವು. ಅದರಲ್ಲಿ ಒಂದನ್ನು ಮೂರು ದಿನದಿಂದ ತೆಗೆದು ತೆಗೆದು ನೋಡುತ್ತಿದ್ದೇನೆ. ತಾಳವಾದ್ಯಗಳು ಮಾತ್ರ ನುಡಿಯುವ ತನಿ ಆವರ್ತನ ಮುಗಿಯುವ ಹೊತ್ತು. ಮೃದಂಗದವರು ಕೊನೆಯ ಮುಕ್ತಾಯಕ್ಕೆ ಇಳಿದಿದ್ದಾರೆ. ಘಟದವರು ಅವರ ಮುಖವನ್ನೇ ನೋಡುತ್ತಿದ್ದಾರೆ. ಇಬ್ಬರಿಗೂ ನಗು ಈಗ ಬಂತು, ಈಗ ಬಂತು ಅನ್ನುವ ಹಾಗಿದೆ. ಹಿಂದೆ ಗಾಯಕಿಯ ಕೈ ತಾಳ ಹಾಕುತ್ತಾ ಮೇಲೆ ನಿಂತಿದೆ. ತಾಳದ ಮೊದಲ ಪೆಟ್ಟಾದ ಸಮ ಬೀಳಲು ಇನ್ನೂ ಅರೆ ಕ್ಷಣ ಇದೆ. ತಾಳ ಲೆಕ್ಕ ಇಡದವರಿಗೆ ಈ ಫೋಟೊ ಸಿಗುವುದಿಲ್ಲ.

ಇದನ್ನು ತೆಗೆದ ಹೆಣ್ಣುಮಗಳು ನಾಲ್ಕು ವರ್ಷದ ಹಿಂದೆ ಮೊದಲ ಸಲ ಬಂದಾಗ ಕರ್ನಾಟಕ ಸಂಗೀತದ ಒಂದು ಕಛೇರಿಯನ್ನೂ ಪೂರ್ತಿ ಕೇಳಿರಲಿಲ್ಲ. ಹಾಗಾಗಿ ಈ ಏಜೆನ್ಸಿ ಬಗ್ಗೆ ಬರೆಯಬೇಕು ಅನ್ನಿಸಿತು. ಬೈಯುವ ಮಾತೂ ಸ್ವಲ್ಪ ಇದೆ. ಅದಕ್ಕೇ ಹೆಸರು ಹಾಕುತ್ತಿಲ್ಲ.

ನಮ್ಮದು ಮೈಸೂರಿನ ಸಣ್ಣ ಸಭೆ. ವರ್ಷಕ್ಕೆ 6 ಕಛೇರಿ. 150 ಜನ ಕೂರುವ ಹಾಲ್. ಖರ್ಚೆಲ್ಲ ದೇಣಿಗೆಯಿಂದಲೇ. ಏಜೆನ್ಸಿ ಬೆಂಗಳೂರಿನದು. ಅವರಿಗೆ ಹೆಚ್ಚು ಕೆಲಸ ರಾಕ್ ಬ್ಯಾಂಡುಗಳದ್ದು. ನಮಗೆ ಇಬ್ಬರು ಫೋಟೊಗ್ರಾಫರ್, ಒಬ್ಬ ಚಿತ್ರಕಾರ ಸಿಕ್ಕಿದ್ದಾರೆ.

ಮೊದಲ ಕಛೇರಿಯಲ್ಲಿ ಏನಾಯಿತು ಅಂದರೆ, ಮೂರು ಹಾಡು ಮುಗಿಯುತ್ತಿದ್ದ ಹಾಗೆ ಅವರು ಕ್ಯಾಮೆರಾ ಬ್ಯಾಗಿಗೆ ಹಾಕಿಕೊಂಡು ಹೊರಟರು. ನನಗೆ ಸಿಟ್ಟೇ ಬಂತು. ಆಮೇಲೆ ತಿಳಿಯಿತು, ರಾಕ್ ಕಾರ್ಯಕ್ರಮಗಳಲ್ಲಿ ಫೋಟೊಗ್ರಾಫರ್‌ಗಳಿಗೆ ಸಾಮಾನ್ಯವಾಗಿ ಮೊದಲ ಮೂರು ಹಾಡಿಗೆ ಮಾತ್ರ ವೇದಿಕೆ ಮುಂದೆ ಬಿಡುತ್ತಾರೆ, ಫ್ಲ್ಯಾಶ್ ಹಾಕುವಂತಿಲ್ಲ. ಅದೇ ಅಭ್ಯಾಸದಲ್ಲಿ ಇಲ್ಲಿಗೂ ಬಂದಿದ್ದರು. ನಮ್ಮಲ್ಲಿ ಮೊದಲ ಮೂರು ಅಂದರೆ ಒಂದು ವರ್ಣ, ಒಂದು ಗಣೇಶನ ಕೃತಿ, ಇನ್ನೊಂದು ಚಿಕ್ಕದು. ಅಷ್ಟರಲ್ಲಿ ಗಾಯಕರ ಗಂಟಲೇ ಬಿಟ್ಟಿರುವುದಿಲ್ಲ. ನಿಜವಾದ ಕಛೇರಿ ಶುರುವಾಗುವುದು ಅಲ್ಲಿಂದ ಮುಂದೆ ಅಲ್ವಾ? ಆ ದಿನದ ಫೋಟೊಗಳಲ್ಲಿ ಎಲ್ಲರೂ ಇದ್ದರು, ಸಂಗೀತ ಇರಲಿಲ್ಲ.

ಎರಡನೇ ಸಲ ಪೂರ್ತಿ ಕೂತರು. ಆದರೆ ತೋಡಿ ರಾಗದ ಆಲಾಪನೆ, ಅಂದರೆ ತಾಳವಿಲ್ಲದೆ ರಾಗವನ್ನು ನಿಧಾನವಾಗಿ ಬಿಡಿಸುವ ಭಾಗ, ನಡೆಯುವಾಗ ವೇದಿಕೆ ಮುಂದೆ ಮೊಣಕಾಲೂರಿ ಟಕ್ ಟಕ್ ಎಂದು ಶುರುಮಾಡಿದರು. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ಹಿಂದೆ ಹೋಗಿ ಕೂತರು. ಮರುದಿನ ಫೋನ್ ಮಾಡಿ ನೇರವಾಗಿಯೇ ಹೇಳಿದೆ. ಅವರು ಸಮಜಾಯಿಷಿ ಕೊಡಲಿಲ್ಲ. "ಯಾವಾಗ ಓಡಾಡಬಹುದು, ಯಾವಾಗ ಬೇಡ, ಬರೆದು ಕೊಡಿ ಸರ್" ಎಂದರು. ಬರೆದು ಕೊಟ್ಟೆ. ಆಲಾಪನೆಯಲ್ಲಿ ಅಲ್ಲಾಡುವಂತಿಲ್ಲ. ಜಾಗ ಬದಲಿಸುವುದಿದ್ದರೆ ಚಪ್ಪಾಳೆಯ ಹೊತ್ತಿಗೆ. ತನಿಯಲ್ಲಿ ಪಕ್ಕದಿಂದ ತೆಗೆಯಬಹುದು. ಆ ಹಾಳೆಯನ್ನು ಇವತ್ತಿಗೂ ಪಾಲಿಸುತ್ತಿದ್ದಾರೆ.

ಆಮೇಲೆ ಸದ್ದಿಲ್ಲದ ಮಿರರ್‌ಲೆಸ್ ಕ್ಯಾಮೆರಾ ತಂದರು. ಸದ್ದು ಹೋಯಿತು, ಫೋಟೊ ತುಂಬ ಕಪ್ಪು ಪಟ್ಟೆಗಳು ಬಂದವು. ನಮ್ಮ ಹಾಲಿನ ಅಗ್ಗದ ಎಲ್‌ಇಡಿ ದೀಪಗಳದ್ದೇ ಕಾರಣ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಇಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಸಾಲು ಸಾಲಾಗಿ ಚಿತ್ರ ಓದುವ ಕ್ಯಾಮೆರಾಕ್ಕೆ ಕಾಣುತ್ತದೆ. ಶಟರ್ ವೇಗವನ್ನು 1/100ಕ್ಕೆ ಇಳಿಸಿದರು, ಪಟ್ಟೆ ಮಾಯವಾಯಿತು. ಅದರಿಂದ ಇನ್ನೊಂದು ಲಾಭವೂ ಆಯಿತು. ಆ ವೇಗದಲ್ಲಿ ಮೃದಂಗದವರ ಬೆರಳು ಹೊಗೆಯ ಹಾಗೆ ಅಲುಗಿ ಬರುತ್ತದೆ, ಮುಖ ಮಾತ್ರ ನಿಚ್ಚಳ. ನನಗೆ ಈಗ ಅದೇ ಇಷ್ಟ.

ಈಗೀಗ ಕಛೇರಿಗೆ ಎರಡು ದಿನ ಮೊದಲೇ ಅವರಿಂದ ಒಂದು ಪ್ರಶ್ನೆ ಬರುತ್ತದೆ: "ಮೃದಂಗದವರು ಎಡಗೈನವರಾ?" ಮೊದಲ ಸಲ ಇದನ್ನು ಓದಿದಾಗ ನಿಜವಾಗಿ ಖುಷಿಯಾಯಿತು. ಮೃದಂಗದ ಕರಣೆ, ಅಂದರೆ ಕಪ್ಪು ಬೊಟ್ಟು, ಇರುವ ಮುಖ ಸಭಿಕರ ಕಡೆ ಇರಬೇಕು. ಹಾಗಾಗಿ ಬಲಗೈನವರು ಗಾಯಕರ ಬಲಕ್ಕೆ ಕೂರುತ್ತಾರೆ, ಪಿಟೀಲಿನವರು ಎಡಕ್ಕೆ. ಎಡಗೈನವರಾದರೆ ಎಲ್ಲ ಅದಲುಬದಲು. ಮೊದಲೇ ಗೊತ್ತಿದ್ದರೆ ಯಾವ ಮೂಲೆಯಲ್ಲಿ ಕೂರಬೇಕು, ಮೈಕು ಯಾರ ಮುಖಕ್ಕೆ ಅಡ್ಡ ಬರುತ್ತದೆ ಎಂದು ಲೆಕ್ಕ ಹಾಕಬಹುದು.

ಚಿತ್ರಕಾರರ ಕತೆ ಬೇರೆ. ಅವರ ಮೊದಲ ಪೋಸ್ಟರ್‌ನಲ್ಲಿ ಪಿಟೀಲು ಗದ್ದದ ಕೆಳಗಿತ್ತು, ನುಡಿಸುವವರು ನಿಂತಿದ್ದರು; ನಮ್ಮಲ್ಲಿ ಕೂತು ನುಡಿಸುವುದು. ಮೃದಂಗದ ಎರಡೂ ಕಡೆ ತಬಲದ ಹಾಗೆ ಕಪ್ಪು ಬೊಟ್ಟು. ಎಡಭಾಗಕ್ಕೆ ರವೆ ಮೆತ್ತುತ್ತಾರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ತಿದ್ದಿಸಿದೆವು. ಆದರೆ ತಿದ್ದಿಸಿದ್ದರಿಂದಲೇ ಕೆಲಸ ಸುಧಾರಿಸಿತು ಅಂತ ನಾನು ಹೇಳುವುದಿಲ್ಲ. ಅವರು ಸುಮ್ನೆ ಬಂದು ನೆಲದ ಮೇಲೆ ಕೂತು ಕೇಳತೊಡಗಿದರು. ಮೈಸೂರು ಅರಮನೆಯ ಚಿತ್ರಕಲಾವಿದರಾಗಿದ್ದ ಕೆ. ವೆಂಕಟಪ್ಪನವರು ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿತಿದ್ದರು. ಇವರು ವಾದ್ಯ ಕಲಿಯಲು ಹೋಗಿಲ್ಲ, ಕಿವಿಯನ್ನಂತೂ ಕಲಿಸಿದ್ದಾರೆ.

ಏಳು ತಂತಿಯ ಪಿಟೀಲು ನುಡಿಸುತ್ತಿದ್ದ ಚೌಡಯ್ಯನವರ ನೆನಪಿನ ಕಛೇರಿಗೆ ಮಾಡಿದ ಪೋಸ್ಟರ್ ನೋಡಿ ನಾನು ಪಿಟೀಲಿನ ತಂತಿ ಬಿಗಿಸುವ ಬಿರಡೆ ಎಣಿಸಿದೆ. ಸರಿಯಾಗಿ 7 ಇದ್ದವು. ಆ ಪಿಟೀಲನ್ನು ನಾಲ್ಕು ತಂತಿಯಲ್ಲಿ ಬರೆದುಬಿಟ್ಟಿದ್ದರೆ ಹಳೆಯ ರಸಿಕರಿಗೆ ನಾವು ಏನು ಉತ್ತರ ಕೊಡುವುದಿತ್ತು?

ಈ ವರ್ಷ ಅವರು ಕಛೇರಿ ನಡೆಯುವಾಗಲೇ ಬರೆದ ರೇಖಾಚಿತ್ರಗಳ 12 ಪುಟದ ಪುಸ್ತಿಕೆ ಮಾಡಿಕೊಟ್ಟರು. ಇದುವರೆಗಿನ ಕೆಲಸದಲ್ಲಿ ನನಗೆ ಅದೇ ಎಲ್ಲಕ್ಕಿಂತ ಪ್ರೀತಿಯದು. ಅದರಲ್ಲಿ ಗಾಯಕಿಯ ಮುಖ ಒಂದೇ ಪುಟದಲ್ಲಿದೆ. ಉಳಿದದ್ದೆಲ್ಲ ಸುತ್ತಮುತ್ತ: ಬಿಸಿನೀರಿನ ಫ್ಲಾಸ್ಕ್, ಮೊಣಕಾಲ ಕೆಳಗೆ ಮಡಿಸಿಟ್ಟ ಕೃತಿಗಳ ಚೀಟಿ, ಪುಟ್ಟ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ, ಖಂಜಿರದ ಚರ್ಮಕ್ಕೆ ನೀರು ಸವರುವ ಬೆರಳು, ಕಣ್ಣು ಮುಚ್ಚಿ ತೊಡೆ ತಟ್ಟುವ ಕೇಳುಗರು. ನಾವು ನೋಡಿಯೂ ನೋಡದೆ ಬಿಡುವ ವಸ್ತುಗಳಿವು. ಕ್ಯಾಮೆರಾದಲ್ಲಿ ಇಷ್ಟು ಹತ್ತಿರ ಹೋದರೆ ಕಲಾವಿದರಿಗೆ ಕಿರಿಕಿರಿ. ಪೆನ್ಸಿಲ್ ದೂರದಲ್ಲೇ ಕೂತು ಹತ್ತಿರ ಹೋಗಿಬಿಡುತ್ತದೆ.

ಇನ್ನು ಬೇಸರದ ಮಾತು. ಹೇಳಿದ ದಿನಕ್ಕೆ ಪೋಸ್ಟರ್ ಬಂದದ್ದು ಕಡಿಮೆ. ಒಮ್ಮೆ ಕಛೇರಿಗೆ ಮೂರು ದಿನ ಇರುವಾಗ ಬಂತು, ಅದರಲ್ಲೂ ವಾರ ತಪ್ಪಾಗಿತ್ತು. ಅಚ್ಚು ಹಾಕಿಸಲು ಸಮಯವಿಲ್ಲದೆ ಫೋನಿನಲ್ಲೇ ಎಲ್ಲರಿಗೂ ಕಳಿಸಿದೆವು. ಫೋನ್ ಇಲ್ಲದ ವಯಸ್ಸಾದ ಕೇಳುಗರು ಆವತ್ತು ಬರಲಿಲ್ಲ. ಅದು ನನಗೆ ಇನ್ನೂ ನೋವು.

ಇನ್ನೊಂದು, ನಮ್ಮ ವೇದಿಕೆಯ ಫೋಟೊವನ್ನು ನಮ್ಮನ್ನಾಗಲಿ ಕಲಾವಿದರನ್ನಾಗಲಿ ಕೇಳದೆ ಅವರು ತಮ್ಮ ಜಾಹೀರಾತಿಗೆ ಬಳಸಿದರು. ಹಣ ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದು ಎಂದು 1957ರ ಕೃತಿಸ್ವಾಮ್ಯ ಕಾಯ್ದೆ ಹೇಳುತ್ತದೆ. ನಮ್ಮ ಒಪ್ಪಂದದಲ್ಲಿ ಬೇರೆ ಥರ ಬರೆದಿತ್ತು. ಕೂತು ಮಾತಾಡಿ ಆ ಸಾಲು ಬದಲಿಸಿದೆವು. ಈಗ ಕಲಾವಿದರು ಹೂಂ ಅಂದ ಮೇಲೆ ಮಾತ್ರ ಬಳಸುತ್ತಾರೆ. ನೀವೂ ಯಾರಿಗಾದರೂ ಈ ಕೆಲಸ ಕೊಡುವುದಿದ್ದರೆ ಆ ಸಾಲನ್ನು ಮೊದಲು ಓದಿ.

ಬೆಲೆ ನಮ್ಮಂಥ ಸಭೆಗೆ ಜಾಸ್ತಿಯೇ. ಮದುವೆ ಫೋಟೊಗ್ರಾಫರ್ ಇದಕ್ಕಿಂತ ಕಡಿಮೆಗೆ ಸಿಗುತ್ತಾರೆ. ಬರೀ ದಾಖಲೆಗೆ ನಾಲ್ಕು ಫೋಟೊ, ಸನ್ಮಾನದ ಶಾಲು ಹೊದಿಸುವ ಒಂದು ಚಿತ್ರ ಸಾಕು ಅನ್ನುವವರು ಅವರನ್ನೇ ಕರೆಯಿರಿ, ತಪ್ಪೇನಿಲ್ಲ. ವರ್ಷಕ್ಕೆ ಒಂದೇ ಕಾರ್ಯಕ್ರಮ ಮಾಡುವವರಿಗೂ ನಾನು ಇವರನ್ನು ಹೇಳುವುದಿಲ್ಲ, ಯಾಕೆಂದರೆ ಮೊದಲ ವರ್ಷದ ಕೆಲಸ ನೋಡಿ ನಿರಾಸೆಯಾಗಬಹುದು. ಸತತವಾಗಿ ಕಛೇರಿ ನಡೆಸುವವರು, ಕೂತು ಹೇಳಿಕೊಡಲು ತಾಳ್ಮೆ ಇರುವವರು ಖಂಡಿತ ಕರೆಯಿರಿ.

ಮುಂದಿನ ವರ್ಷದ 6 ಕಛೇರಿಗೂ ಅವರಿಗೇ ಮುಂಗಡ ಕೊಟ್ಟಿದ್ದೇವೆ. ಪೋಸ್ಟರ್ 15 ದಿನ ಮೊದಲು ಕೈಗೆ ಬರಬೇಕು ಎಂದು ಈ ಸಲ ಒಪ್ಪಂದದಲ್ಲೇ ಬರೆಸಿದ್ದೇನೆ.